ಉಕ್ಕು ನಮ್ಮದು, ಅದರೊಳಗಿನ ನಿಕ್ಕಲ್ ಯಾರದು?



ಇಂದಿನ ನನ್ನ ಮಾತು ನಿಮ್ಮ ಅಡಿಗೆಮನೆಯ ಸ್ಟೀಲ್ ಲೋಟದಿಂದ ಆರಂಭವಾಗುತ್ತದೆ. ಇಷ್ಟು ಸಣ್ಣ ವಸ್ತುವಿಗೆ ರೇಡಿಯೋ ಭಾಷಣ ಬೇಕೇ ಎಂದು ಕೇಳಬೇಡಿ. ಆ ಲೋಟದೊಳಗೆ ಒರಿಸ್ಸಾದ ಕಣಿವೆ ಇದೆ, ಇಂಡೋನೇಷ್ಯಾದ ದ್ವೀಪ ಇದೆ, ಲಂಡನ್ನಿನ ಮಾರುಕಟ್ಟೆ ಇದೆ. ನಮ್ಮ ದೇಶ ಉಕ್ಕು ಮಾಡಲು ಯಾವ ಯಾವ ಲೋಹಗಳಿಗಾಗಿ ಪರದೇಶದ ಬಾಗಿಲು ಕಾಯಬೇಕಾಗಿದೆ ಎಂಬ ದೊಡ್ಡ ಲೆಕ್ಕವೂ ಅದರಲ್ಲೇ ಇದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ಜಮಾ ಖರ್ಚು ಬರೆದವನು ನಾನು. ಹಾಗಾಗಿ ಈ ವಿಷಯವನ್ನೂ ಜಮಾ ಖರ್ಚಿನ ರೀತಿಯಲ್ಲೇ ಹೇಳುತ್ತೇನೆ.

ಮೊದಲು ಜಮಾ ಬದಿ ನೋಡೋಣ. ಉಕ್ಕು ಎಂಬ ಪದ ನಮ್ಮದು. ನಾವು ಕನ್ನಡಿಗರು ಉಕ್ಕು ಅನ್ನುತ್ತೇವೆ, ನಮ್ಮ ನೆರೆಯ ತೆಲುಗರೂ ಉಕ್ಕು ಅನ್ನುತ್ತಾರೆ. ಹೊಸೂರು, ತಾಳವಾಡಿಯ ಕಡೆ ತಮಿಳಿನಲ್ಲಿ ಉರುಕ್ಕು, ಕಾಸರಗೋಡಿನ ಕಡೆ ಮಲಯಾಳದಲ್ಲೂ ಹೆಚ್ಚು ಕಡಿಮೆ ಅದೇ ಮಾತು. ಸೊಲ್ಲಾಪುರದ ಮರಾಠಿಯವರು ಮಾತ್ರ ಪೋಲಾದ ಅನ್ನುತ್ತಾರೆ. ದಕ್ಷಿಣ ಭಾರತದ ಮೂಸೆಯಲ್ಲಿ ಕರಗಿದ ಉಕ್ಕಿನ ಗಟ್ಟಿಗಳು ಹಿಂದೆ ಅರಬ್ ದೇಶಗಳವರೆಗೆ ಹೋಗಿ ಕತ್ತಿಗಳಾಗುತ್ತಿದ್ದವು. ಇಂಗ್ಲಿಷರು ಅದನ್ನು ವೂಟ್ಜ್ ಎಂದು ಕರೆದರು. ಆ ವೂಟ್ಜ್ ನಮ್ಮ ಉಕ್ಕು ಎಂಬ ಮಾತಿನ ಅಪಭ್ರಂಶ ಎಂದು ಬಹಳ ವಿದ್ವಾಂಸರು ಒಪ್ಪಿದ್ದಾರೆ. ಇನ್ನು ನಮ್ಮ ಕಾಲಕ್ಕೆ ಬಂದರೆ, 1966ರಲ್ಲಿ ಆಂಧ್ರದಲ್ಲಿ ‘ವಿಶಾಖ ಉಕ್ಕು ಆಂಧ್ರುಲ ಹಕ್ಕು’ ಎಂಬ ಘೋಷಣೆ ಎದ್ದಿತು. ಆ ಚಳವಳಿಯಲ್ಲಿ ಗುಂಡೇಟಿಗೆ ಜನ ಸತ್ತರು. ಆ ಕಾರ್ಖಾನೆ 1992ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. 2018ರಲ್ಲಿ ಭಾರತ ಜಪಾನನ್ನು ಹಿಂದೆ ಹಾಕಿ ಉಕ್ಕು ತಯಾರಿಕೆಯಲ್ಲಿ ಪ್ರಪಂಚಕ್ಕೇ ಎರಡನೆಯದಾಯಿತು. ಚೀನಾ ಮೊದಲನೆಯದು. ಕಬ್ಬಿಣದ ಅದಿರಿಗಂತೂ ನಮಗೆ ಕೊರತೆ ಇಲ್ಲ. ಇದಿಷ್ಟು ಜಮಾ.

ಈಗ ಖರ್ಚಿನ ಬದಿ. ಬರೀ ಬೇಳೆ ಬೇಯಿಸಿದರೆ ಸಾರಾಗುವುದಿಲ್ಲ. ಉಪ್ಪು, ಹುಳಿ, ಖಾರ, ಒಗ್ಗರಣೆ ಬೇಕು. ಬೇಳೆಯ ಮುಂದೆ ಅವುಗಳ ತೂಕ ಎಷ್ಟು? ಆದರೂ ಅವಿಲ್ಲದೆ ಊಟ ಇಲ್ಲ. ಉಕ್ಕಿನ ಕಥೆಯೂ ಇದೇ. ಕಬ್ಬಿಣ ಬೇಳೆಯ ಹಾಗೆ. ಮ್ಯಾಂಗನೀಸ್, ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ, ವನೇಡಿಯಂ, ನಿಯೋಬಿಯಂ ಎಂಬ ಲೋಹಗಳು ಉಪ್ಪು ಖಾರದ ಹಾಗೆ. ಮ್ಯಾಂಗನೀಸ್ ಇಲ್ಲದಿದ್ದರೆ ಕಬ್ಬಿಣದಲ್ಲಿರುವ ಗಂಧಕ ಕಾಯಿಸಿ ಬಡಿಯುವಾಗ ಬಿರುಕು ತರುತ್ತದೆ. ಸಾಮಾನ್ಯ ಉಕ್ಕಿನ ಒಂದು ಟನ್ನಿಗೆ ಆರೇಳು ಕಿಲೋ ಮ್ಯಾಂಗನೀಸ್ ಸಾಕು, ಆದರೆ ಅಷ್ಟು ಇರಲೇಬೇಕು. ನಿಯೋಬಿಯಂ ಇನ್ನೂ ಕಡಿಮೆ. ಟನ್ನಿಗೆ ಕೆಲವು ನೂರು ಗ್ರಾಂ ಬೆರೆಸಿದರೆ ಸೇತುವೆಯ ಉಕ್ಕು, ಗ್ಯಾಸ್ ಪೈಪಿನ ಉಕ್ಕು ಗಟ್ಟಿಯಾಗುತ್ತದೆ. ಪ್ರಪಂಚದ ನಿಯೋಬಿಯಂನ ಬಹುಪಾಲು ಬ್ರೆಜಿಲ್ ಎಂಬ ಒಂದೇ ದೇಶದಿಂದ ಬರುತ್ತದೆ. ನಮ್ಮ ಬಳಕೆಯದೂ ಹೊರಗಿನಿಂದಲೇ ಬರಬೇಕು.

ಇವುಗಳಲ್ಲಿ ನಮ್ಮ ಮನೆಗೆ ಹತ್ತಿರದ್ದು ನಿಕ್ಕಲ್. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಅಜ್ಜಿಯರ ಕಾಲದಲ್ಲಿ ಮನೆಯಲ್ಲಿ ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳಿದ್ದವು. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಬೀದಿಯಲ್ಲಿ ತಿದಿ ಹೂಡುತ್ತಿದ್ದ. ಕಲಾಯಿಗೆ ಬೇಕಾದದ್ದು ತವರ. ಬಸ್ತರದ ಕಡೆ ಸಿಗುವ ಸ್ವಲ್ಪವನ್ನು ಬಿಟ್ಟರೆ ಈ ತವರಕ್ಕೆ ನಮ್ಮ ದೇಶ ತವರಲ್ಲ. ಅದು ಮಲಯಾದ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ಅಂದರೆ ಪಾತ್ರೆಯ ವಿಷಯದಲ್ಲಿ ಪರದೇಶದ ನಂಟು ಹೊಸದೇನಲ್ಲ. ಆಮೇಲೆ ತುಕ್ಕು ಹಿಡಿಯದ ಉಕ್ಕು ಬಂತು. 1912-13ರ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯವರೂ ಇಂಗ್ಲೆಂಡಿನ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಎಂಬವರೂ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಕಬ್ಬಿಣಕ್ಕೆ ಶೇಕಡಾ ಹತ್ತೂವರೆಗಿಂತ ಹೆಚ್ಚು ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಜೊತೆಗೆ ಶೇಕಡಾ ಎಂಟರಷ್ಟು ನಿಕ್ಕಲ್ ಸೇರಿಸಿದರೆ ಲೋಹ ಬಗ್ಗುತ್ತದೆ, ಎಳೆದಂತೆ ಬರುತ್ತದೆ, ಆಳವಾದ ಕೊಡ ತಪ್ಪಲೆಗಳನ್ನು ಸೀಳದೆ ಒತ್ತಬಹುದು. ಹುಳಿ, ಉಪ್ಪಿಗೂ ಜಗ್ಗುವುದಿಲ್ಲ. ಹದಿನೆಂಟು ಭಾಗ ಕ್ರೋಮಿಯಂ, ಎಂಟು ಭಾಗ ನಿಕ್ಕಲ್ ಇರುವ ಈ ಉಕ್ಕನ್ನೇ ಅಂಗಡಿಯವರು 304 ನಂಬರಿನ ಸ್ಟೀಲ್ ಅನ್ನುವುದು.

ಕ್ರೋಮಿಯಂ ನಮ್ಮಲ್ಲಿದೆ. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದರ ಗಣಿ ಇದೆ. ಆದರೆ ದೇಶದ ಕ್ರೋಮಿಯಂ ಅದಿರಿನ ಬಹುಪಾಲು ಇರುವುದು ಒರಿಸ್ಸಾದ, ಈಗಿನ ಹೆಸರಿನಲ್ಲಿ ಒಡಿಶಾದ, ಸುಕಿಂದಾ ಕಣಿವೆಯಲ್ಲಿ. ನಿಕ್ಕಲ್ ಇದೆಯೇ ಎಂದರೆ, ಇದೆ. ಇಲ್ಲ ಎಂದರೂ ನಡೆದೀತು. ಅದೇ ಸುಕಿಂದಾದಲ್ಲಿ ಕ್ರೋಮಿಯಂ ಅದಿರಿನ ಮೇಲೆ ಹೊದ್ದುಕೊಂಡಿರುವ ಕೆಂಪು ಮಣ್ಣಿನಲ್ಲಿ ನಿಕ್ಕಲ್ ಉಂಟು. ಆದರೆ ನೂರು ಕಿಲೋ ಮಣ್ಣಿನಲ್ಲಿ ಒಂದು ಕಿಲೋ ಸಹ ಇಲ್ಲ. ಲಾಭವಾಗುವಂತೆ ಅದನ್ನು ಬಿಡಿಸಿಕೊಳ್ಳುವ ವಿದ್ಯೆಗಾಗಿ ನಮ್ಮ ವಿಜ್ಞಾನಿಗಳು ದಶಕಗಳಿಂದ ಪ್ರಯತ್ನಿಸುತ್ತಿದ್ದಾರೆ. ಗೋವಾದಲ್ಲೂ ಝಾರ್ಖಂಡದ ಘಾಟ್‌ಶಿಲಾದಲ್ಲೂ ಬೇರೆ ವಸ್ತುಗಳಿಂದ ಸ್ವಲ್ಪ ನಿಕ್ಕಲ್ ತೆಗೆಯುವ ಕೆಲಸ ನಡೆದಿದೆ. ನಮ್ಮ ನೆಲದ ಅದಿರನ್ನೇ ಅಗೆದು ಕರಗಿಸಿದ ನಿಕ್ಕಲ್ ಮಾತ್ರ ಕಾರ್ಖಾನೆಗಳಿಗೆ ಸಿಕ್ಕಿಲ್ಲ. ಉಕ್ಕಿಗೆ ಬೇಕಾದ ನಿಕ್ಕಲ್ ಹಡಗಿನಲ್ಲಿ ಬರಬೇಕು. ಇಲ್ಲವೇ ಹಳೆಯ ಸ್ಟೀಲನ್ನು ಕರಗಿಸಿ ಪಡೆಯಬೇಕು.

ಈ ಕೊರತೆಯನ್ನು ನಾನು ಯಾವ ಪುಸ್ತಕವನ್ನೂ ಓದದೆ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲೇ ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸಕ್ಕೆ ಸೇರಿದ 1980ರ ಸುಮಾರಿಗೆ ಹಳೆಯ ಒಂದು ರೂಪಾಯಿ ನಾಣ್ಯಗಳು ಆಗೊಮ್ಮೆ ಈಗೊಮ್ಮೆ ಚೀಲದಲ್ಲಿ ಸಿಗುತ್ತಿದ್ದವು. ಅವು ಶುದ್ಧ ನಿಕ್ಕಲ್. ಕಲ್ಲಿನ ಮೇಲೆ ಹಾಕಿದರೆ ಗಂಟೆಯಂತೆ ಸದ್ದು. 1975ರಿಂದ ಬಂದ ರೂಪಾಯಿಯಲ್ಲಿ ಮುಕ್ಕಾಲು ತಾಮ್ರ, ಕಾಲು ಭಾಗ ಮಾತ್ರ ನಿಕ್ಕಲ್. 1988ರಲ್ಲಿ ಹತ್ತು, ಇಪ್ಪತ್ತೈದು, ಐವತ್ತು ಪೈಸೆಯ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವಾದವು. 1992ರಲ್ಲಿ ರೂಪಾಯಿಯೂ ಅದೇ ದಾರಿ ಹಿಡಿಯಿತು. ಈ ಸ್ಟೀಲ್‌ನಲ್ಲಿ ಕಬ್ಬಿಣ ಮತ್ತು ಕ್ರೋಮಿಯಂ ಮಾತ್ರ, ನಿಕ್ಕಲ್ ಬೇಡ. ನಾಣ್ಯದ ಬಿಲ್ಲೆಗಳನ್ನು ತಮಿಳುನಾಡಿನ ಸೇಲಂ ಉಕ್ಕಿನ ಕಾರ್ಖಾನೆಯಲ್ಲೇ ತಯಾರಿಸತೊಡಗಿದರು. ಹೀಗೆ ಶುದ್ಧ ನಿಕ್ಕಲ್‌ನಿಂದ ಕಾಲು ನಿಕ್ಕಲ್‌ಗೆ, ಕಾಲು ನಿಕ್ಕಲ್‌ನಿಂದ ಸೊನ್ನೆಗೆ ಇಳಿದ ಇತಿಹಾಸ ಆ ನಾಣ್ಯದ ಚೀಲದಲ್ಲೇ ಇತ್ತು. ಲೋಹದ ಬೆಲೆ ಏರಿದರೆ ನಾಣ್ಯದ ಮುಖಬೆಲೆಗಿಂತ ಅದರ ಮೈಬೆಲೆ ಹೆಚ್ಚಾಗುತ್ತದೆ. 2007ರಲ್ಲಿ ನಮ್ಮ ಸ್ಟೀಲ್ ರೂಪಾಯಿಗಳನ್ನೇ ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ, ಕರಗಿಸಿ, ಕ್ಷೌರದ ಬ್ಲೇಡು ಮಾಡುತ್ತಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಅಕ್ಕತಂಗಿಯರು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ಸರ್ಕಾರ ನಾಣ್ಯದಲ್ಲಿ ನಿಕ್ಕಲ್ ಬಿಟ್ಟ ಹಾಗೆ ಪಾತ್ರೆಯವರೂ ನಿಕ್ಕಲ್ ಕಡಿಮೆ ಮಾಡಿದರು. ಅದರ ಬದಲು ಶೇಕಡಾ ಏಳರಿಂದ ಹತ್ತರವರೆಗೆ ಮ್ಯಾಂಗನೀಸ್ ಹಾಕಿ, ನಿಕ್ಕಲನ್ನು ಒಂದರಿಂದ ನಾಲ್ಕಕ್ಕೆ ಇಳಿಸಿದರು. ಇದನ್ನು 200ರ ಸಾಲಿನ ಸ್ಟೀಲ್ ಎನ್ನುತ್ತಾರೆ. 1950ರ ದಶಕದಲ್ಲಿ ಕೊರಿಯಾ ಯುದ್ಧದಿಂದ ನಿಕ್ಕಲ್ ಅಭಾವವಾದಾಗ ಅಮೆರಿಕದವರು ಇದನ್ನು ಬಳಕೆಗೆ ತಂದರು. ಇದನ್ನು ಮನೆ ಮನೆಗೆ ಮುಟ್ಟಿಸಿದ್ದು ಮಾತ್ರ ಭಾರತವೇ. ಇದು ಮೋಸದ ಮಾಲು ಅಲ್ಲ. ನೀರು ಕುಡಿಯುವ ಲೋಟಕ್ಕೆ, ಊಟದ ತಟ್ಟೆಗೆ ಇದು ಚೆನ್ನಾಗಿಯೇ ನಡೆಯುತ್ತದೆ, ಬಡವರ ಕೈಗೂ ಎಟಕುತ್ತದೆ. ಆದರೆ ಉಪ್ಪು, ಹುಣಸೆಹುಳಿ, ಉಪ್ಪಿನಕಾಯಿ ದಿನಗಟ್ಟಲೆ ಇಟ್ಟರೆ 304ರಷ್ಟು ತಡೆಯುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳಬಹುದು.

ಪಾತ್ರೆ ಮಾರುವವರು ಅಯಸ್ಕಾಂತ ತೋರಿಸಿ, ‘ನೋಡಿರಮ್ಮ, ಅಂಟುವುದಿಲ್ಲ, ಇದು ಅಸಲಿ ಮಾಲು’ ಅನ್ನುತ್ತಾರೆ. ಈ ಪರೀಕ್ಷೆಯಿಂದ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ. 304ಕ್ಕೂ ಅಯಸ್ಕಾಂತ ಅಂಟುವುದಿಲ್ಲ, 200ರ ಸಾಲಿಗೂ ಅಂಟುವುದಿಲ್ಲ. ಎರಡರ ಬೆಲೆಯಲ್ಲಿ ಮಾತ್ರ ಬಹಳ ಅಂತರ. ನಿಕ್ಕಲ್ ಇಲ್ಲದ ಕ್ರೋಮಿಯಂ ಸ್ಟೀಲ್ ಅಂಟುತ್ತದೆ, ಹಾಗೆಂದು ಅದು ಕೆಟ್ಟದ್ದೂ ಅಲ್ಲ. ನಮ್ಮ ರೂಪಾಯಿ ಅಂಟುವುದಿಲ್ಲವೇ? ಆದ್ದರಿಂದ ಮಗಳ ಮದುವೆಗೆ ಹೆಸರು ಕೆತ್ತಿಸಿ ಕೊಡುವ ದೊಡ್ಡ ಪಾತ್ರೆ ಕೊಳ್ಳುವಾಗ ಯಾವ ನಂಬರಿನ ಸ್ಟೀಲ್ ಎಂದು ಕೇಳಿ, ಆ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ, ಬರೆದದ್ದಕ್ಕೆ ಬೆಲೆ. ಇದು ಬ್ಯಾಂಕಿನ ಪಾಠ. ಸ್ಟೀಲ್ ಪಾತ್ರೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ ಮಾಡುವ ಆದೇಶವನ್ನು ಸರ್ಕಾರ 2024ರಲ್ಲಿ ಹೊರಡಿಸಿತು. ಆ ಗುರುತನ್ನೂ ನೋಡಿ.

ಇನ್ನು ನಿಕ್ಕಲ್ ಎಲ್ಲಿಂದ ಬರುತ್ತದೆ? ಹಿಂದೆ ಕೆನಡಾ, ರಷ್ಯಾ, ನ್ಯೂ ಕ್ಯಾಲೆಡೋನಿಯಾ ದೊಡ್ಡ ಹೆಸರುಗಳು. ಈಗ ಪ್ರಪಂಚದ ನಿಕ್ಕಲ್‌ನ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯಾ ಒಂದೇ ಅಗೆಯುತ್ತದೆ. ಆ ದೇಶ ಒಂದು ಜಾಣ ಕೆಲಸ ಮಾಡಿತು. ‘ನಮ್ಮ ಮಣ್ಣನ್ನು ಹಾಗೇ ಒಯ್ಯಬೇಡಿ, ಇಲ್ಲೇ ಕುಲುಮೆ ಹಾಕಿ’ ಎಂದು 2014ರಲ್ಲಿ ಅದಿರಿನ ರಫ್ತನ್ನು ನಿಲ್ಲಿಸಿತು. 2017ರಲ್ಲಿ ಸ್ವಲ್ಪ ಸಡಿಲಿಸಿ, 2020ರ ಜನವರಿಯಿಂದ ಮತ್ತೆ ಪೂರ್ತಿ ನಿಲ್ಲಿಸಿತು. ಚೀನಾದ ಕಂಪನಿಗಳು ಓಡಿಬಂದು ಸುಲಾವೆಸಿ ದ್ವೀಪದಲ್ಲಿ ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಿದವು. ಯುರೋಪಿನವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2022ರಲ್ಲಿ ತೀರ್ಪು ಇಂಡೋನೇಷ್ಯಾದ ವಿರುದ್ಧ ಬಂದರೂ ಅದು ಮೇಲ್ಮನವಿ ಹಾಕಿ ತನ್ನ ಪಟ್ಟು ಬಿಡಲಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅಲ್ಲಿ ಕಾಡು ಹೋಯಿತು, ಸಮುದ್ರದ ನೀರು ಕೆಂಪಾಯಿತು. 2023ರ ಡಿಸೆಂಬರಿನಲ್ಲಿ ಮೊರೊವಾಲಿಯ ಒಂದು ಕಾರ್ಖಾನೆಯಲ್ಲಿ ಕುಲುಮೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು.

ಒಂದೆರಡು ಕಡೆಯವರನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಮಾರ್ಚ್ ತಿಂಗಳೇ ಸಾಕ್ಷಿ. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ರಷ್ಯಾದ ನಿಕ್ಕಲ್ ಬರುತ್ತದೋ ಇಲ್ಲವೋ ಎಂಬ ಭಯ ಹಬ್ಬಿತು. ಬೆಲೆ ಇಳಿಯುತ್ತದೆ ಎಂದು ಪಂದ್ಯ ಕಟ್ಟಿದ್ದ ದೊಡ್ಡ ವ್ಯಾಪಾರಿಗಳು ಸಿಕ್ಕಿಬಿದ್ದರು. ಮಾರ್ಚ್ 8ರಂದು ಲಂಡನ್ ಲೋಹದ ಮಾರುಕಟ್ಟೆಯಲ್ಲಿ ಟನ್ ನಿಕ್ಕಲ್‌ನ ಬೆಲೆ ಒಂದು ಲಕ್ಷ ಡಾಲರ್ ದಾಟಿತು. ಲೆಕ್ಕ ಹಾಕಿ ನೋಡಿ. ಒಂದು ಕಿಲೋ 304 ಪಾತ್ರೆಯಲ್ಲಿ ನಿಕ್ಕಲ್ 80 ಗ್ರಾಂ. ಟನ್ನಿಗೆ 20 ಸಾವಿರ ಡಾಲರ್ ಇದ್ದಾಗ ಅದರ ಬೆಲೆ ಒಂದು ಡಾಲರ್ ಅರವತ್ತು ಸೆಂಟ್. ಲಕ್ಷಕ್ಕೇರಿದರೆ ಎಂಟು ಡಾಲರ್. ಕೊನೆಗೆ ಮಾರುಕಟ್ಟೆಯವರು ಬಾಗಿಲು ಹಾಕಿ, ಆ ದಿನ ನಡೆದ ವ್ಯವಹಾರವನ್ನೆಲ್ಲ ರದ್ದು ಮಾಡಿದರು. ನಮ್ಮ ಕೌಂಟರಿನಲ್ಲಿ ಹತ್ತು ರೂಪಾಯಿಯ ಲೆಕ್ಕ ತಪ್ಪಿದರೆ ರಾತ್ರಿಯಾದರೂ ಮನೆಗೆ ಬಿಡುತ್ತಿರಲಿಲ್ಲ. ಅಲ್ಲಿ ನೂರಾರು ಕೋಟಿ ಡಾಲರಿನ ಲೆಕ್ಕವನ್ನೇ ಒರೆಸಿಬಿಟ್ಟರು!

ಬೇಡುವವರು ಯಾವಾಗಲೂ ನಾವೇ ಎಂದು ತಿಳಿಯಬೇಡಿ. ಕಾಲಚಕ್ರ ತಿರುಗುತ್ತದೆ. ನಮ್ಮ ರಾಯದುರ್ಗಕ್ಕೆ ಸಮೀಪದ ಸಂಡೂರು ಬೆಟ್ಟಗಳ ಮ್ಯಾಂಗನೀಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹಡಗು ಹತ್ತಿತು. ಆಂಧ್ರದ ವಿಜಯನಗರಂ ಕಡೆ 1892ರಲ್ಲೇ ಮ್ಯಾಂಗನೀಸ್ ಅಗೆತ ಶುರುವಾಗಿತ್ತು. ಎರಡನೆಯ ಮಹಾಯುದ್ಧವಾದ ಮೇಲೆ ರಷ್ಯಾ ಮತ್ತು ಅಮೆರಿಕಕ್ಕೆ ಮನಸ್ತಾಪವಾಗಿ, 1949ರ ಹೊತ್ತಿಗೆ ರಷ್ಯಾ ಮ್ಯಾಂಗನೀಸ್ ಕಳಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಪ್ರಪಂಚದ ಅತಿ ದೊಡ್ಡ ಉಕ್ಕಿನ ದೇಶ ಆಗ ನಮ್ಮ ಕಡೆ ಕೈ ಚಾಚಿತು. ಅದೇ ಕಾಲಕ್ಕೆ ನಮ್ಮಲ್ಲಿ ಬರ. 1951ರಲ್ಲಿ ಅಮೆರಿಕ 20 ಲಕ್ಷ ಟನ್ ಧಾನ್ಯಕ್ಕಾಗಿ ನಮಗೆ 19 ಕೋಟಿ ಡಾಲರ್ ಸಾಲ ಕೊಟ್ಟಿತು. ಅದಕ್ಕೆ ಬದಲಾಗಿ ಭಾರತ ಮ್ಯಾಂಗನೀಸ್‌ನಂಥ ಖನಿಜಗಳನ್ನು ಕೊಡಲಿ ಎಂದು ಅಲ್ಲಿನ ಸಂಸತ್ತಿನಲ್ಲಿ ಮಾತು ಬಂತು. ಅವರಿಗೆ ನಮ್ಮ ಕಲ್ಲು ಬೇಕಿತ್ತು, ನಮಗೆ ಅವರ ಗೋಧಿ ಬೇಕಿತ್ತು. ಇಂದು ಅದೇ ಭಾರತ ದಕ್ಷಿಣ ಆಫ್ರಿಕಾ, ಗೇಬನ್ ದೇಶಗಳಿಂದ ಮ್ಯಾಂಗನೀಸ್ ತರಿಸಿಕೊಳ್ಳುತ್ತಿದೆ. ನಮ್ಮಲ್ಲಿ ಅದಿರು ಮುಗಿದಿಲ್ಲ. ಮೇಲ್ದರ್ಜೆಯದು ಸಾಲದು, ಬಳಕೆ ಬೆಳೆದಿದೆ.

ಯುದ್ಧಕಾಲದಲ್ಲಿ ಈ ಅವಲಂಬನೆ ಕುತ್ತಿಗೆಗೇ ಬರುತ್ತದೆ. ಹಿಟ್ಲರನ ಜರ್ಮನಿಗೆ ಟ್ಯಾಂಕಿನ ಉಕ್ಕಿಗೆ ಬೇಕಾದ ಕ್ರೋಮಿಯಂ ಟರ್ಕಿಯಿಂದ, ಮ್ಯಾಂಗನೀಸ್ ಉಕ್ರೇನಿನ ನಿಕೊಪೋಲ್‌ನಿಂದ, ನಿಕ್ಕಲ್ ಫಿನ್ಲೆಂಡಿನ ಪೆಟ್ಸಾಮೊದಿಂದ ಬರುತ್ತಿತ್ತು. 1944ರ ಒಂದೇ ವರ್ಷದಲ್ಲಿ ಮೂರೂ ಬಾಗಿಲು ಮುಚ್ಚಿದವು.

ಹಾಗಾದರೆ ನಮ್ಮಲ್ಲಿರುವುದನ್ನೆಲ್ಲ ಅಗೆದು ಹಾಕಿಬಿಡೋಣವೇ? ಈ ಪ್ರಶ್ನೆಗೆ ನಮ್ಮ ಗಡಿಯವರಷ್ಟು ಬಲ್ಲವರು ಬೇರೆ ಯಾರು? 2003ರ ನಂತರ ಬಳ್ಳಾರಿ, ಸಂಡೂರು, ಓಬಳಾಪುರದ ಗುಡ್ಡಗಳಿಂದ ಹಗಲು ರಾತ್ರಿ ಲಾರಿಗಳು ಹೋದವು. ಜೋಳದ ತೆನೆಯ ಮೇಲೆ, ಬಾವಿಯ ನೀರಿನ ಮೇಲೆ ಕೆಂಪು ಧೂಳು ಕೂತಿತು. ಗಡಿಯ ಕಲ್ಲುಗಳೂ ಅಳಿಸಿಹೋದವೆಂದು ಎರಡು ರಾಜ್ಯಗಳ ನಡುವೆ ವ್ಯಾಜ್ಯವಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಹೋದ ಅದಿರಿನ ಬಹುಪಾಲು ಚೀನಾ ಸೇರಿತ್ತು. ಇಂಡೋನೇಷ್ಯಾ ಮಣ್ಣು ಬಿಡದೆ ಕುಲುಮೆ ತರಿಸಿಕೊಂಡಿತು. ನಮ್ಮ ಕಡೆ ಮಣ್ಣು ಹೋಯಿತು, ಉಳಿದದ್ದು ಗುಂಡಿ. ಸುಕಿಂದಾದ ಜನರ ಪಾಡು ಇನ್ನೂ ಕಷ್ಟದ್ದು. ಗಣಿಯ ರಾಶಿಗಳಿಂದ ವಿಷವಾಗುವ ರೂಪದ ಕ್ರೋಮಿಯಂ ಹಳ್ಳದ ನೀರಿಗೆ ಇಳಿದು, 2007ರಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಆ ಕಣಿವೆಯನ್ನು ಪ್ರಪಂಚದ ಹತ್ತು ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿಸಿತು. ನಮ್ಮ ಲೋಟ ಹೊಳೆಯಲು ಬೇಕಾದ ಕ್ರೋಮಿಯಂಗಾಗಿ ಯಾರೋ ತಮ್ಮ ಕುಡಿಯುವ ನೀರನ್ನು ಕಳೆದುಕೊಂಡಿದ್ದಾರೆ. ಅದನ್ನು ಖರ್ಚಿನ ಬದಿಯಲ್ಲಿ ಬರೆಯದಿದ್ದರೆ ಅದು ಸುಳ್ಳು ಲೆಕ್ಕ.

ಮತ್ತೆ ದಾರಿ ಯಾವುದು? ಪರದೇಶದಿಂದ ಕೊಳ್ಳುವುದೇ ಅವಮಾನ ಎಂದು ನಾನು ಹೇಳುವುದಿಲ್ಲ. ಯಾವ ರೈತ ತನ್ನ ಹೊಲದಲ್ಲಿ ಉಪ್ಪು ಬೆಳೆಯುತ್ತಾನೆ? ಆದರೆ ಜಾಣ ಸಂಸಾರಸ್ಥ ಮೂರು ಕಟ್ಟಳೆ ಪಾಲಿಸುತ್ತಾನೆ. ದೇಶಕ್ಕೂ ಅವೇ ಸಾಕು.

ಒಂದನೆಯದು, ಒಂದೇ ಅಂಗಡಿಯನ್ನು ನಂಬಬಾರದು. ನಾಲ್ಕು ಕಡೆ ಖಾತೆ ಇರಬೇಕು. ಕೈಯಲ್ಲಿ ಪರದೇಶದ ಹಣವೂ ಇರಬೇಕು. 1991ರಲ್ಲಿ ಡಾಲರ್ ಬತ್ತಿಹೋಗಿ ದೇಶದ ಬಂಗಾರವನ್ನೇ ವಿಮಾನದಲ್ಲಿ ಹೊರಗೆ ಕಳಿಸಿ ಒತ್ತೆ ಇಡಬೇಕಾಯಿತು. ಆಗ ಆಮದು ಮಾಡುವ ಕಾರ್ಖಾನೆಯವರು ದುಪ್ಪಟ್ಟು ನಗದು ಕಟ್ಟಲು ಬ್ಯಾಂಕುಗಳ ಮುಂದೆ ಪಟ್ಟ ಪಾಡು ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ನೆನಪಿದೆ.

ಎರಡನೆಯದು, ಹಗೇವು ತುಂಬಿರಬೇಕು. ನಮ್ಮ ಹಿರಿಯರು ಸುಗ್ಗಿಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ, ಬರ ಬಂದಾಗ ತೆಗೆಯುತ್ತಿದ್ದರು. ಅಮೆರಿಕ 1939ರಲ್ಲೇ ಇಂಥ ಲೋಹಗಳ ಹಗೇವಿಗೆ ಕಾನೂನು ಮಾಡಿತು. ಜಪಾನ್ 1983ರಿಂದ ನಿಕ್ಕಲ್, ಕ್ರೋಮಿಯಂ, ಮ್ಯಾಂಗನೀಸ್ ಮೊದಲಾದವನ್ನು ಕೂಡಿಡುತ್ತಿದೆ. ನಮ್ಮ ಸರ್ಕಾರ 2023ರಲ್ಲಿ ಅತ್ಯಗತ್ಯವಾದ 30 ಖನಿಜಗಳ ಪಟ್ಟಿ ಮಾಡಿತು. ಅದರಲ್ಲಿ ನಿಕ್ಕಲ್, ಮಾಲಿಬ್ಡಿನಂ, ವನೇಡಿಯಂ, ನಿಯೋಬಿಯಂ ಇವೆ. 2025ರ ಜನವರಿಯಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ದಾಸ್ತಾನಿನ ಮಾತೂ ಅದರಲ್ಲಿದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಇದು ಮೇಲು. ಪಟ್ಟಿ ಮಾಡಿದಷ್ಟೇ ಚುರುಕಾಗಿ ಹಗೇವೂ ತುಂಬಬೇಕು.

ಮೂರನೆಯದು ನಮ್ಮ ನಿಮ್ಮ ಕೈಯಲ್ಲೇ ಇದೆ. ನಿಕ್ಕಲ್ ಸಾಯುವುದಿಲ್ಲ. ಒಡೆದ, ತೂತಾದ, ಸೊಟ್ಟಗಾದ ಪಾತ್ರೆಯಲ್ಲೂ ಅದು ಹಾಗೇ ಇರುತ್ತದೆ. ಕುಲುಮೆಗೆ ಹಾಕಿದರೆ ಮತ್ತೆ ಹೊಸ ಸ್ಟೀಲ್. ‘ಪಾತ ಇನುಪ ಸಾಮಾನ್ಲು ಕೊಂಟಾಂ’ ಎಂದು ನಮ್ಮ ಬೀದಿಯಲ್ಲಿ ಕೂಗಿಕೊಂಡು ಬರುವ ಗುಜರಿಯವನು ದೇಶಕ್ಕೆ ನಿಕ್ಕಲ್ ಗಣಿ ಇದ್ದ ಹಾಗೆ. ಅವನಿಗೆ ಕೊಡುವಾಗ ಕಬ್ಬಿಣದ ಜೊತೆ ಸ್ಟೀಲನ್ನು ಸೇರಿಸಿ ತೂಗಿಸಬೇಡಿ. ಬೇರೆ ಇಟ್ಟು ಬೇರೆ ದರ ಕೇಳಿ. ನಿಮಗೂ ನಾಲ್ಕು ಕಾಸು ಹೆಚ್ಚು, ದೇಶಕ್ಕೂ ನಾಲ್ಕು ಗ್ರಾಂ ಉಳಿತಾಯ. ಕಬ್ಬಿಣದ ರಾಶಿಯಲ್ಲಿ ಕಳೆದುಹೋದ ನಿಕ್ಕಲನ್ನು ಮತ್ತೆ ಯಾರೂ ಹೆಕ್ಕಿ ತೆಗೆಯಲಾರರು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಉಕ್ಕು ನಮ್ಮ ಹಕ್ಕು ಎಂದು ನಮ್ಮ ನೆರೆಯವರು ಕೂಗಿದ್ದು ಸರಿಯಾಗಿಯೇ ಇತ್ತು. ಹಕ್ಕಿನ ಜೊತೆಗೆ ಲೆಕ್ಕವೂ ನಮ್ಮದಾಗಿರಬೇಕು. ಯಾವುದು ನಮ್ಮ ನೆಲದ್ದು, ಯಾವುದು ಕಡ ತಂದದ್ದು, ಯಾವುದಕ್ಕೆ ಯಾರ ನೀರು, ಯಾರ ಕಾಡು ಖರ್ಚಾಯಿತು ಎಂಬುದು ತಿಳಿದಿದ್ದರೆ, ಯಾವ ದೇಶ ಬಾಗಿಲು ಹಾಕಿದರೂ ನಾವು ಕಂಗೆಡುವುದಿಲ್ಲ.